ಏಳು ದಿನದ ನಡಿಗೆಗೆ ತಕ್ಕ ಚೀಲ

ಹಂಪೆಯನ್ನು ನೋಡಿಕೊಂಡು ಬಂದವರು ಕಲ್ಲಿನ ರಥವನ್ನು ವರ್ಣಿಸುತ್ತಾರೆ, ಮಾತಂಗ ಪರ್ವತದ ಮೇಲಣ ಸೂರ್ಯೋದಯವನ್ನು ವರ್ಣಿಸುತ್ತಾರೆ. ಅಲ್ಲಿಗೆ ತಾವು ಹೊತ್ತುಕೊಂಡು ಹೋದ ಚೀಲದ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಬಸ್ಸಿನಲ್ಲಿಯೋ ಕಾರಿನಲ್ಲಿಯೋ ಹೋಗಿಬರುವವರಿಗೆ ಅದರ ಅಗತ್ಯವೂ ಇಲ್ಲವೆನ್ನಿ. ಆದರೆ ಹೊಸಪೇಟೆಯಲ್ಲಿ ಇಳಿದು, ಹಂಪೆ, ಕಮಲಾಪುರ, ಕಂಪ್ಲಿ, ಸಂಡೂರುಗಳನ್ನು ಒಂದು ವಾರದಲ್ಲಿ ಆದಷ್ಟು ಮಟ್ಟಿಗೆ ಕಾಲ್ನಡಿಗೆಯಿಂದಲೇ ನೋಡಬೇಕೆಂದು ಹೊರಡುವ ಗೃಹಸ್ಥರಿಗೆ ಮೊದಲನೆಯ ಪ್ರಶ್ನೆ ಚೀಲದ್ದೇ. ಇದನ್ನು ನಾವು ಬುದ್ಧಿಯಿಂದ ತಿಳಿದದ್ದಲ್ಲ. ಬಲಗೈಯನ್ನು ಕೆಲವು ವಾರಗಳ ಕಾಲ ಕಳೆದುಕೊಂಡು ತಿಳಿದದ್ದು.

ಆರು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ನಾವು ಒಮ್ಮೆ ನಡೆದಿದ್ದೆವು. ಆಗ ನಮ್ಮ ಬೆನ್ನ ಮೇಲಿದ್ದುದು ಸ್ನೇಹಿತರೊಬ್ಬರಿಂದ ಎರವಲು ತಂದ ಚೀಲ. ಅರುವತ್ತೈದು ಲೀಟರು ಹಿಡಿಸುವ ಭಾರಿ ಚೀಲವದು. ಅದರ ಸೊಂಟಪಟ್ಟಿಯ ಬಕಲು ಮುರಿದಿತ್ತು. ಪಟ್ಟಿ ಇಲ್ಲದಿದ್ದರೇನು, ಹೆಗಲು ಗಟ್ಟಿಯಾಗಿದೆಯಲ್ಲ ಎಂದುಕೊಂಡೆವು. ಚೀಲದಲ್ಲಿ ಸ್ಥಳವಿದ್ದರೆ ಗೃಹಸ್ಥನ ಕೈ ಸುಮ್ಮನಿರದು. ನಾಲ್ಕು ಜೊತೆ ಬಟ್ಟೆ, ಎರಡು ಕಂಬಳಿ, ಮೂರು ಪುಸ್ತಕ, ಹಿತ್ತಾಳೆಯ ಚೊಂಬು, ಚಕ್ಕುಲಿಯ ಡಬ್ಬಿ, ಇವೆಲ್ಲ ಸೇರಿ ಹದಿನಾಲ್ಕು ಕಿಲೋ ಆಯಿತು. ಕಮಲಾಪುರದಿಂದ ಕಂಪ್ಲಿಯ ಕಡೆಗೆ ನಡೆಯುತ್ತಿರುವಾಗ ರಾಮಸಾಗರದ ಹತ್ತಿರ ಬಲಗೈಯ ಬೆರಳುಗಳು ಜೋಮು ಹಿಡಿದವು. ಕೈಯನ್ನು ಕೊಡವಿಕೊಂಡು ಮುಂದೆ ನಡೆದೆವು. ಕಂಪ್ಲಿಯಲ್ಲಿ ಚಹದ ಲೋಟವನ್ನು ಎತ್ತಲು ಹೋದಾಗ ಅದು ಕೈಯಿಂದ ಜಾರಿತು. ತೋಳನ್ನು ಭುಜದ ಮಟ್ಟಕ್ಕೆ ಎತ್ತಲು ಸಾಧ್ಯವಾಗಲಿಲ್ಲ.

ಅಲ್ಲಿಗೆ ಯಾತ್ರೆ ಮುಗಿಯಿತು. ಮರಳಿ ಬಂದು ತೋರಿಸಿದಾಗ ವೈದ್ಯರು ಹೇಳಿದ್ದಿಷ್ಟು: ಕತ್ತಿನಿಂದ ಹೊರಟು ಹೆಗಲಿನ ಮುಂದಣ ಎಲುಬಿನ ಕೆಳಗೆ ಹಾದು ತೋಳಿಗೆ ಇಳಿಯುವ ನರಗಳ ಗುಚ್ಛವೊಂದಿದೆ, ಹೆಗಲಪಟ್ಟಿಯು ಗಂಟೆಗಟ್ಟಲೆ ಅದನ್ನು ಒತ್ತಿದರೆ ತೋಳು ಸ್ವಾಧೀನ ತಪ್ಪುತ್ತದೆ, ಭಾರದ ಚೀಲ ಹೊತ್ತು ದೂರ ನಡೆಯುವ ಸೈನಿಕರಲ್ಲಿ ಇದು ಬಹಳ ಹಿಂದಿನಿಂದಲೂ ಕಂಡ ತೊಂದರೆ. ಸಾಮಾನ್ಯವಾಗಿ ವಾಸಿಯಾಗುತ್ತದೆ ಎಂಬ ಧೈರ್ಯವನ್ನೂ ಕೊಟ್ಟರು. ವಾಸಿಯಾಯಿತು, ನಿಜ. ಆದರೆ ಆ ಐದು ವಾರ ನಮ್ಮ ಅಂಗಿಯ ಗುಂಡಿಯನ್ನು ಮನೆಯಾಕೆ ಹಾಕಬೇಕಾಗಿತ್ತು. ಈ ವರ್ಷ ನಾವು ಮತ್ತೆ ಹಂಪೆಯ ಹೆಸರೆತ್ತಿದಾಗ ಆಕೆ ಕೇಳಿದ ಪ್ರಶ್ನೆ ಒಂದೇ: “ಈ ಸಲ ಯಾವ ಕೈ?” ಚೀಲವನ್ನು ತಾನೂ ಕಂಡು ಒಪ್ಪಿದ ಹೊರತು ಹೊರಡಕೂಡದು, ಹೊರಟರೆ ತಾನೂ ಜೊತೆಗೆ ಬರತಕ್ಕವಳೇ ಎಂದು ಕರಾರು ಹಾಕಿದಳು. ಅವಳ ತಮ್ಮನೂ ಸೇರಿಕೊಂಡ.

ಚೀಲವನ್ನು ಕೊಂಡು ಅದರೊಳಕ್ಕೆ ಸಾಮಾನು ತುಂಬುವುದು ವಾಡಿಕೆ. ನಾವು ಈ ಸಲ ಅದನ್ನು ತಿರುಗಿಸಿದೆವು. ಮೊದಲು ಸಾಮಾನನ್ನು ನಡುಮನೆಯಲ್ಲಿ ಹರಡಿ ತಕ್ಕಡಿಗೆ ಹಾಕಿದೆವು. ದೃಢಕಾಯನಾದ ಯುವಕನು ತನ್ನ ತೂಕದ ಐದನೆಯ ಒಂದು ಪಾಲನ್ನು ಹೊತ್ತಾನು. ಐವತ್ತು ದಾಟಿದ ನಮ್ಮಂಥವರಿಗೆ ಹತ್ತನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಾದರೆ ಸಾಕು. ನಮ್ಮ ತೂಕ ಅರುವತ್ತೆರಡು ಕಿಲೋ. ಹೊಸಪೇಟೆ, ಹಂಪೆ, ಕಮಲಾಪುರ, ಕಂಪ್ಲಿ, ಸಂಡೂರು ಇವುಗಳಲ್ಲೆಲ್ಲ ರಾತ್ರಿ ತಂಗಲು ಚಾವಣಿಯುಂಟು, ಊಟಕ್ಕೆ ಜೋಳದ ರೊಟ್ಟಿಯುಂಟು. ಡೇರೆ ಬೇಡ, ಒಲೆ ಬೇಡ, ಕಂಬಳಿ ಬೇಡ. ಉಳಿದದ್ದು ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ಟವಲು, ಔಷಧ, ಟಾರ್ಚು, ಕೊಡೆ, ಒಂದಿಷ್ಟು ಅವಲಕ್ಕಿ. ಆದರೆ ನೀರಿನಲ್ಲಿ ಮಾತ್ರ ಜಿಪುಣತನ ಸಲ್ಲದು. ಮಾರ್ಗಶಿರದಲ್ಲಿಯೂ ಹಂಪೆಯ ಬಂಡೆಗಳು ಮಧ್ಯಾಹ್ನಕ್ಕೆ ಕಾದ ಹಂಚಿನಂತಿರುತ್ತವೆ. ತಲೆಗೆ ಎರಡು ಲೀಟರು ಬೇಕು, ಎಂದರೆ ಎರಡು ಕಿಲೋ. ಚೀಲದ ಸ್ವಂತ ತೂಕ ಒಂದೂಕಾಲು ಕಿಲೋ ಎಂದು ಹಿಡಿದು ಎಲ್ಲವನ್ನೂ ಕೂಡಿಸಿದಾಗ ಏಳು ಕಿಲೋಗೆ ಸ್ವಲ್ಪ ಮೇಲಾಯಿತು. ಇದಕ್ಕೆ ಮೂವತ್ತೈದು ಲೀಟರಿನ ಚೀಲ ಧಾರಾಳ. ಅರುವತ್ತೈದು ಲೀಟರಿನ ಚೀಲವನ್ನು ನಮ್ಮ ದೇಶದ ಈ ಬಗೆಯ ನಡಿಗೆಗೆ ಯಾರಾದರೂ ಶಿಫಾರಸು ಮಾಡಿದರೆ, ಅವರು ಅದನ್ನು ಹೊತ್ತವರಲ್ಲ, ಮಾರುವವರು ಎಂದು ತಿಳಿಯಬೇಕು.

ಎರಡನೆಯದು ಅಳತೆ. ಅಂಗಿಯನ್ನು ಅಳತೆ ಕೊಟ್ಟು ಹೊಲಿಸುವ ನಾವು ಚೀಲವನ್ನು ಬಣ್ಣ ನೋಡಿ ಕೊಳ್ಳುತ್ತೇವೆ. ಕತ್ತನ್ನು ಮುಂದಕ್ಕೆ ಬಾಗಿಸಿದಾಗ ಅದರ ಬುಡದಲ್ಲಿ ಒಂದು ಎಲುಬು ಉಬ್ಬಿ ಕೈಗೆ ಸಿಗುತ್ತದೆ. ಸೊಂಟದ ಮೇಲೆ ಎರಡು ಕೈಗಳನ್ನೂ ಇಟ್ಟು ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದರೆ ಸೊಂಟದೆಲುಬಿನ ಮೇಲಂಚಿನ ಗೆರೆ ಗೊತ್ತಾಗುತ್ತದೆ. ಇವೆರಡರ ನಡುವಣ ದೂರವೇ ಬೆನ್ನಿನ ಉದ್ದ. ದರ್ಜಿಯ ಟೇಪಿನಿಂದ ಅಳೆದಾಗ ನಮ್ಮದು ನಲವತ್ತನಾಲ್ಕು ಸೆಂಟಿಮೀಟರು ಬಂದಿತು. ನಮಗಿಂತ ಗೇಣುದ್ದ ಎತ್ತರವಾಗಿರುವ ಭಾವಮೈದುನನದೂ ಅಷ್ಟೇ. ಅವನ ಎತ್ತರವೆಲ್ಲ ಕಾಲಿನಲ್ಲಿದೆ. ಮನೆಯಾಕೆಯದು ನಲವತ್ತು. ಒಂದೇ ಚೀಲವನ್ನು ಸರದಿಯಂತೆ ಮೂವರೂ ಹೊರುವುದೆಂಬ ನಮ್ಮ ಉಳಿತಾಯದ ಯೋಜನೆ ಅಲ್ಲಿಗೆ ಬಿದ್ದುಹೋಯಿತು. ಹೆಂಗಸರ ಹೆಗಲಿಗೆ ಹೊಂದುವಂತೆ ಪಟ್ಟಿಗಳನ್ನು ಹತ್ತಿರ ಇಟ್ಟು, ಎದೆಯ ಬಳಿ ಬಾಗಿಸಿ ಹೊಲಿದ ಚೀಲಗಳು ಬೇರೆಯೇ ಇವೆ. ಅವು ಕೇವಲ ಬಣ್ಣದ ಸಡಗರವಲ್ಲ.

ಅಂಗಡಿಗೆ ಹೋಗುವಾಗ ಏಳು ಕಿಲೋ ಜೋಳವನ್ನು ಮೂರು ಗಂಟುಗಳಾಗಿ ಕಟ್ಟಿಕೊಂಡು ಹೋದೆವು. ಅಂಗಡಿಯ ಹುಡುಗನು ನಕ್ಕನು. ಬರಿದಾದ ಚೀಲ ಯಾರ ಬೆನ್ನಿಗಾದರೂ ಹಿತವಾಗಿಯೇ ಇರುತ್ತದೆ. ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುವುದರಿಂದ ಏನೂ ತಿಳಿಯದು. ಜೋಳವನ್ನು ತುಂಬಿ, ಎಲ್ಲ ಪಟ್ಟಿಗಳನ್ನೂ ಸಡಿಲಿಸಿ, ಮೊದಲು ಸೊಂಟಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಸೊಂಟದೆಲುಬಿನ ಮೇಲೆ ಬಿಗಿದೆವು. ಆಮೇಲೆ ಹೆಗಲಪಟ್ಟಿ, ಆಮೇಲೆ ಎದೆಯ ಪಟ್ಟಿ, ಕೊನೆಗೆ ಹೆಗಲಿನ ಮೇಲಿಂದ ಚೀಲದ ತಲೆಗೆ ಓರೆಯಾಗಿ ಹೋಗುವ ಸಣ್ಣ ಪಟ್ಟಿ. ಈ ಕ್ರಮದಲ್ಲಿ ಬಿಗಿದಾಗ ಭಾರದ ಬಹುಪಾಲು ಸೊಂಟಕ್ಕೆ ಇಳಿಯುತ್ತದೆ. ಹೆಗಲಪಟ್ಟಿಯ ಕೆಲಸ ಚೀಲ ಹಿಂದಕ್ಕೆ ಬೀಳದಂತೆ ಹಿಡಿದುಕೊಳ್ಳುವುದು ಮಾತ್ರ. ನಮ್ಮ ಎರವಲು ಚೀಲದಲ್ಲಿ ಮುರಿದದ್ದು ಒಂದು ಬಕಲಲ್ಲ, ಇಡೀ ವ್ಯವಸ್ಥೆಯೇ ಎಂದು ಆಗ ಅರಿವಾಯಿತು. ಅಂಗಡಿಯ ಮೆಟ್ಟಿಲುಗಳನ್ನು ಇಪ್ಪತ್ತು ನಿಮಿಷ ಹತ್ತಿ ಇಳಿದೆವು. ಮೊದಲ ಚೀಲ ಹತ್ತನೆಯ ನಿಮಿಷಕ್ಕೆ ಕತ್ತನ್ನು ಕೊರೆಯಿತು. ಎರಡನೆಯದರ ಬೆನ್ನಿಗೆ ಬಲೆ ಕಟ್ಟಿ ಗಾಳಿಯಾಡಲು ತೆರಪು ಬಿಟ್ಟಿದ್ದರು. ಸೆಕೆಯ ನಾಡಿಗೆ ಒಳ್ಳೆಯದೇ, ಆದರೆ ತೆರಪು ಅತಿಯಾಗಿ ಭಾರವು ಬೆನ್ನಿನಿಂದ ದೂರ ಸರಿದು ಹಿಂದಕ್ಕೆ ಜಗ್ಗುತ್ತಿತ್ತು. ಮೂರನೆಯದು ಹಿಡಿಸಿತು. ನೀರಿನ ಶೀಸೆಯನ್ನು ಚೀಲ ಇಳಿಸದೆಯೇ ಪಕ್ಕದ ಜೇಬಿನಿಂದ ತೆಗೆಯಬಹುದೇ ಎಂದು ಪರೀಕ್ಷಿಸಿದವಳು ಮನೆಯಾಕೆ. ಅದು ನಮಗೆ ಹೊಳೆದಿರಲಿಲ್ಲ.

ಹೊಸಪೇಟೆಯಿಂದ ಹಂಪೆಗೆ ಸುಮಾರು ಹದಿಮೂರು ಕಿಲೋಮೀಟರು. ಬೆಳಿಗ್ಗೆ ಆರಕ್ಕೆ ಹೊರಟು ಅನಂತಶಯನಗುಡಿಯಲ್ಲಿ ಮೊದಲು ಕುಳಿತೆವು. ಕೃಷ್ಣದೇವರಾಯನ ಕಾಲದ ಈ ದೊಡ್ಡ ಗುಡಿಯ ಜಗಲಿಯ ಮೇಲೆ ಚೀಲಗಳನ್ನು ಬಿಚ್ಚಿ ಮತ್ತೆ ಜೋಡಿಸಿದೆವು, ಏಕೆಂದರೆ ಭಾವಮೈದುನನು ನೀರನ್ನೂ ಔಷಧದ ಡಬ್ಬಿಯನ್ನೂ ಚೀಲದ ತಳದಲ್ಲಿ ಹೊರಭಾಗಕ್ಕೆ ತುಂಬಿ, ನಡೆಯುವಾಗ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದನು. ಹಗುರವಾದ ಬಟ್ಟೆ ತಳಕ್ಕೆ, ಭಾರವಾದುದು ಬೆನ್ನಿಗೆ ಒತ್ತಿಕೊಂಡು ನಡುವಿನಿಂದ ಮೇಲಕ್ಕೆ. ಇಷ್ಟು ಬದಲಾಯಿಸಿದೊಡನೆ “ಭಾವ, ಒಂದು ಕಿಲೋ ಕಡಮೆ ಆದಹಾಗಿದೆ” ಎಂದನು. ಒಂದು ಗುಂಜಿಯೂ ಕಡಮೆಯಾಗಿರಲಿಲ್ಲ.

ಹಂಪೆಯಲ್ಲಿ ಎರಡು ರಾತ್ರಿ. ಮಾತಂಗವನ್ನು ಹತ್ತುವಾಗ ಚೀಲಗಳನ್ನು ಬಿಡಾರದಲ್ಲಿ ಬಿಟ್ಟೆವು. ಮೂರನೆಯ ದಿನ ಹೊಳೆಯ ದಂಡೆ ಹಿಡಿದು, ಕೋದಂಡರಾಮನ ಗುಡಿಯನ್ನು ದಾಟಿ ವಿಠಲ ದೇವಾಲಯದ ಕಡೆಗೆ ನಡೆದೆವು. ಆ ದಾರಿಯಲ್ಲಿ ಒಂದೆಡೆ ಬಂಡೆಗಳ ಅಡಿಯಲ್ಲಿ ಬಾಗಿಕೊಂಡು ನುಸುಳಬೇಕು. ತಲೆಗಿಂತ ಎತ್ತರವಾದ ಚೀಲ ಹೊತ್ತ ಪ್ರವಾಸಿಗನೊಬ್ಬನು ಅಲ್ಲಿ ಸಿಕ್ಕಿಕೊಂಡು, ಚೀಲವನ್ನು ಕಳಚಿ, ಅದನ್ನು ಮುಂದಕ್ಕೆ ದಬ್ಬಿ, ತಾನು ಹಿಂದೆ ತೆವಳಿದನು. ನಾವು ಆರು ವರ್ಷಗಳ ಹಿಂದೆ ಅದೇ ಸ್ಥಳದಲ್ಲಿ ಅದನ್ನೇ ಮಾಡಿದ್ದುದನ್ನು ಯಾರಿಗೂ ಹೇಳಲಿಲ್ಲ.

ವಿಠಲಸ್ವಾಮಿಯ ಮುಂದಣ ಆ ಉದ್ದನೆಯ ಹಾಳು ಬಜಾರಿನಲ್ಲಿ ನಿಂತಾಗ ಪೋರ್ಚುಗೀಸ್ ಯಾತ್ರಿಕ ದೊಮಿಂಗೊ ಪಾಯೆಸನ ನೆನಪು ಬಂದಿತು. 1520ರ ಸುಮಾರಿನಲ್ಲಿ ಈ ನಗರವನ್ನು ಕಂಡ ಆತನು, ಬೀದಿಗಳಲ್ಲಿ ಹೇರೆತ್ತುಗಳು ಎಷ್ಟಿದ್ದುವೆಂದರೆ ಅವು ದಾಟಿಹೋಗುವ ತನಕ ಕಾದು ನಿಲ್ಲಬೇಕಾಗುತ್ತಿತ್ತೆಂದು ಬರೆದಿದ್ದಾನೆ. ರಾಜಧಾನಿಯ ಅನ್ನವೆಲ್ಲ ಬೆನ್ನಿನ ಮೇಲೆಯೇ ಬಂದದ್ದು. ಎತ್ತಿನ ಬೆನ್ನಿಗೆ ಮೆತ್ತೆ ಹಾಕಿ, ಎರಡು ಪಕ್ಕಕ್ಕೂ ಸಮತೂಕದ ಗೋಣಿ ಇಳಿಬಿಡುವ ಆ ಜನಕ್ಕೆ ಹೊರೆಯ ಶಾಸ್ತ್ರ ನಮಗಿಂತ ಚೆನ್ನಾಗಿ ತಿಳಿದಿತ್ತು. ನಮ್ಮ ಅಜ್ಜಂದಿರ ಹಸಿಬೆ ಚೀಲವೂ ಅದೇ ಮಾದರಿಯದು: ನಡುವೆ ಬಾಯಿ, ಎದೆಗೊಂದು ಬೆನ್ನಿಗೊಂದು ಜೋಲು. ಹಣಕಾಸಿಗೂ ಒಂದು ಹೊತ್ತಿನ ಬುತ್ತಿಗೂ ಅದಕ್ಕಿಂತ ಒಳ್ಳೆಯದಿಲ್ಲ. ಏಳು ಕಿಲೋ ಹೊರಲು ಆಗದು.

ಕಮಲಾಪುರದಲ್ಲಿ ತಂಗಿ, ಮರುದಿನ ಕಂಪ್ಲಿಗೆ ಹೊರಟೆವು. ಸುಮಾರು ಇಪ್ಪತ್ತು ಕಿಲೋಮೀಟರಿನ ಈ ದಾರಿ ನಮಗೆ ಪರೀಕ್ಷೆಯ ದಾರಿ. ಬುಕ್ಕಸಾಗರದ ಸುತ್ತ ವಿಜಯನಗರದ ಕಾಲದ ಕಾಲುವೆಗಳು ಇನ್ನೂ ಹರಿಯುತ್ತಿವೆ. ಬಾಳೆ, ಕಬ್ಬು, ಬತ್ತ ಕಣ್ಣು ತುಂಬುತ್ತವೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ ಮೂವತ್ತಮೂರು ಬಾಗಿಲುಗಳಲ್ಲಿ ಹತ್ತೊಂಬತ್ತನೆಯದು ಕೊಚ್ಚಿಹೋದಾಗ ಈ ಗದ್ದೆಗಳವರ ಎದೆ ಹೇಗೆ ಬಡಿದುಕೊಂಡಿರಬೇಕೆಂಬುದು ಇಲ್ಲಿ ನಡೆದಾಗಲೇ ತಿಳಿಯುತ್ತದೆ. ರಾಮಸಾಗರ ಹತ್ತಿರವಾದಂತೆ ನಾವು ಮಾತು ಕಡಮೆ ಮಾಡಿದೆವು. ಮನೆಯಾಕೆ ಪ್ರತಿ ಅರ್ಧ ಗಂಟೆಗೂ “ಬೆರಳು ಮಡಚಿ ನೋಡಿ” ಎನ್ನುತ್ತಿದ್ದಳು. ಹೆಗಲು ಬೆವರಿತ್ತು, ಸೊಂಟದ ಎರಡು ಪಕ್ಕಗಳಲ್ಲಿ ಪಟ್ಟಿಯ ಗೆರೆ ಮೂಡಿ ಉರಿಯುತ್ತಿತ್ತು; ಯಾವ ಚೀಲವೂ ಹೂವಿನ ಹಾರವಲ್ಲ. ಆದರೆ ಬೆರಳುಗಳು ಮಡಚಿದವು. ಕಂಪ್ಲಿಯಲ್ಲಿ, ಹಿಂದೆ ಲೋಟ ಜಾರಿದ್ದ ಬೀದಿಯಲ್ಲಿಯೇ, ಚಹ ಕುಡಿದೆವು.

ಕಂಪಿಲರಾಯನ ಹೆಸರು ಉಳಿಸಿಕೊಂಡಿರುವ ಈ ಊರಿನ ಕೋಟೆಯನ್ನೂ ಹೊಳೆಯನ್ನೂ ಒಂದು ದಿನ ನಿಧಾನವಾಗಿ ನೋಡಿ, ಅಲ್ಲಿಂದ ಹೊಸಪೇಟೆಗೂ, ಹೊಸಪೇಟೆಯಿಂದ ಸಂಡೂರಿಗೂ ಬಸ್ಸಿನಲ್ಲಿ ಹೋದೆವು. ಇದರಲ್ಲಿ ನಾಚಿಕೆಯೇನೂ ಇಲ್ಲ. ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳ ಸಾಲು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿ, ಆಮೇಲೆ ಮಿತಿ ಹಾಕಿ ಬಿಟ್ಟುಕೊಟ್ಟ ಮೇಲೆಯೂ ಆ ರಸ್ತೆ ಪಾದಚಾರಿಗಳದಲ್ಲ. ಕಮಲಾಪುರದ ಆಚೆ ದರೋಜಿಯ ಕರಡಿಧಾಮವಿರುವುದರಿಂದ ಕುರುಚಲು ಗುಡ್ಡಗಳ ಒಳದಾರಿಯಲ್ಲಿ ಮುಸ್ಸಂಜೆ ನಡೆಯುವುದೂ ಸಲ್ಲದು. ಸಂಡೂರಿನಿಂದ ಕುಮಾರಸ್ವಾಮಿ ಬೆಟ್ಟದ ಕಡೆಗೆ ಮಾತ್ರ ಕಾಲುಗಳನ್ನು ನಂಬಿದೆವು. ಏರಿಗೂ ಇಳಿಜಾರಿಗೂ ತಕ್ಕಂತೆ ಪಟ್ಟಿಗಳನ್ನು ತುಸು ಸರಿಪಡಿಸಿಕೊಳ್ಳಬೇಕು ಎಂಬುದನ್ನು ಆ ಹಸುರು ಕಣಿವೆ ಕಲಿಸಿತು.

ಸಂಡೂರಿನಲ್ಲಿ ಲಂಬಾಣಿ ಹೆಂಗಸರ ಕಸೂತಿ ಪ್ರಸಿದ್ಧವಾದುದು; ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಒಂದು ಕಾಲದಲ್ಲಿ ಹೇರೆತ್ತುಗಳ ಹಿಂದೆ ದೇಶವನ್ನೆಲ್ಲ ನಡೆದ ಜನ ಅವರು. ಮನೆಯಾಕೆ ಕನ್ನಡಿ ಕವಡೆಗಳ ಸಣ್ಣ ಚೀಲವೊಂದನ್ನು ಕೊಂಡಳು. ಹೊಲಿಯುತ್ತಿದ್ದ ಮುದುಕಿಯೊಬ್ಬಳು ನಮ್ಮ ಬೆನ್ನುಚೀಲವನ್ನು ಎತ್ತಿ ತೂಗಿ, ಸೊಂಟಪಟ್ಟಿಯನ್ನು ಒತ್ತಿ ನೋಡಿ, ಒಳಗೆ ಏನು ತುಂಬಿದ್ದಾರೆಂದು ಕೇಳಿದಳು. ಸ್ಪಂಜು ಎಂದೆವು. “ಎತ್ತಿಗೂ ಹಿಂಗೇ ಮೆತ್ತೆ ಹಾಕ್ತಿದ್ರು ನಮ್ಮೋರು” ಎಂದು ಚೀಲವನ್ನು ಕೆಳಗಿಟ್ಟಳು.

ಮನೆಗೆ ಬಂದು ತಕ್ಕಡಿಗೆ ಹಾಕಿದಾಗ ನಮ್ಮ ಚೀಲ ಹೊರಟಾಗಿನದಕ್ಕಿಂತ ಒಂದು ಕಿಲೋ ಹೆಚ್ಚು ತೂಗಿತು. ಕಂಪ್ಲಿಯ ದಾರಿಯ ಆಲೆಮನೆಯೊಂದರಲ್ಲಿ ಕೊಂಡ ಬೆಲ್ಲವನ್ನು ಭಾವಮೈದುನನು ನಮಗೆ ಹೇಳದೆಯೇ ಅದರಲ್ಲಿ ಇಟ್ಟಿದ್ದನು.