ತೀರ್ಥಹಳ್ಳಿಗೆ ಹೊರಟಿರಾ? ಎರಡು ಪುಸ್ತಕ ಇಟ್ಟುಕೊಳ್ಳಿ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಹೊಸ ವರ್ಷಕ್ಕೆ ಎಲ್ಲಿಗೆ ಹೋಗೋಣ ಎಂಬ ಮಾತು ಎಲ್ಲರ ಮನೆಯಲ್ಲೂ ಏಳುತ್ತೆ. ನನ್ನನ್ನು ಕೇಳಿದರೆ ತೀರ್ಥಹಳ್ಳಿಗೆ ಹೋಗಿ ಬನ್ನಿ ಅಂತೀನಿ. ಚಕ್ಕುಲಿ, ಕೋಡುಬಳೆ ಡಬ್ಬಿಗಳ ಪಕ್ಕದಲ್ಲಿ ಎರಡು ಕಾದಂಬರಿಗಳಿಗೂ ಜಾಗ ಮಾಡಿ.

ಶಿವಮೊಗ್ಗದಿಂದ ಅಲ್ಲಿಗೆ ಸುಮಾರು 60 ಕಿ.ಮೀ. ದಾರಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರ ಸಿಗುತ್ತೆ, ಮಕ್ಕಳಿಗೆ ಬಲು ಖುಷಿ. ಊರನ್ನು ಬಳಸಿ ಹರಿಯುವ ತುಂಗೆ ಈ ದಿನಗಳಲ್ಲಿ ತಿಳಿಯಾಗಿರುತ್ತಾಳೆ. ಎಳ್ಳಮಾವಾಸ್ಯೆಗೆ ರಾಮೇಶ್ವರನ ಜಾತ್ರೆ. ಆಗ ಹೋದರೆ ತುಂಗಾಸ್ನಾನವೂ ಆಯಿತು, ತೇರೂ ನೋಡಿದಂತಾಯಿತು.

ಅಲ್ಲಿಂದ ಕೊಪ್ಪದ ದಾರಿಯಲ್ಲಿ ಕುಪ್ಪಳಿ. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ. ಅವರು ಬೆಳೆದ ತೊಟ್ಟಿಮನೆ ಈಗ ಎಲ್ಲರೂ ನೋಡುವ ಕವಿಮನೆ. ದಪ್ಪ ಕಂಬಗಳು, ಹಳೆಯ ಪಾತ್ರೆ ಪರಡಿ, ಬಾಣಂತಿ ಕೋಣೆ ನೋಡುತ್ತಾ ನಿಂತರೆ ಅಷ್ಟು ದೊಡ್ಡ ಸಂಸಾರಕ್ಕೆ ಬೇಯಿಸಿ ಹಾಕಿದ ಹೆಂಗಸರ ನೆನಪೇ ನನಗೆ ಮೊದಲು ಬಂತು. ಮೇಲೆ ಗುಡ್ಡದಲ್ಲಿ ಕವಿಶೈಲ, ಅವರ ಸಮಾಧಿ. ಸಂಜೆ ಅಲ್ಲಿ ಕೂತು ‘ಮಲೆಗಳಲ್ಲಿ ಮದುಮಗಳು’ ತೆರೆಯಿರಿ. 1967ರ ಈ ಪುಸ್ತಕ ಗಾತ್ರದಲ್ಲಿ ದೊಡ್ಡದು ನಿಜ, ಹೆದರಬೇಡಿ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ಹೊರಟರೆ ಸಾಕು, ಪುಟಗಳು ತಾವೇ ಓಡುತ್ತವೆ.

ಎರಡನೆಯದು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’, 1976ರದು. ಇಂದಿರಾ ಹುಟ್ಟಿದ್ದು ತೀರ್ಥಹಳ್ಳಿಯಲ್ಲೇ, 1917ರಲ್ಲಿ. ಶಾಲೆ ಕಲಿತದ್ದು ಕೆಲವೇ ವರ್ಷ. ಸಂಸಾರ ನಡೆಸಿ, ನಲವತ್ತೈದರ ಸುಮಾರಿಗೆ ಬರೆಯಲು ಕೂತವರು! ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ. ಇನ್ನು ನಮ್ಮ ಕಾಲ ಮುಗಿಯಿತು ಎನ್ನುವ ಸೋದರಿಯರು ಇದನ್ನು ಮರೆಯಬಾರದು.

ಬಾಲ್ಯದಲ್ಲೇ ವಿಧವೆಯಾಗಿ, ನೂರು ದಾಟಿ ಬದುಕಿದ ಹೆಂಗಸಿನ ಕಥೆ ಇದು. ತಾನು ಎಲ್ಲವನ್ನೂ ನುಂಗಿಕೊಂಡ ಫಣಿಯಮ್ಮ, ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರ ನಿಲ್ಲುತ್ತಾಳೆ. ನಮ್ಮ ಅಮ್ಮನ ತವರಿನಲ್ಲೂ ಹಾಗೆಯೇ ಕೆಂಪು ಸೀರೆಯುಟ್ಟ ಒಬ್ಬರಿದ್ದರು. ಮನೆಮಂದಿಗೆಲ್ಲ ಅವರು ‘ಮಡಿ ಅಜ್ಜಿ’. ಪುಸ್ತಕ ಮುಗಿಸಿದ ರಾತ್ರಿ, “ಅಮ್ಮ, ಅವರ ಹೆಸರೇನಿತ್ತು?” ಅಂತ ಕೇಳಿದೆ. ಅಮ್ಮ ಹೆಸರು ಹೇಳಿದರು, ಆಮೇಲೆ ನಡುರಾತ್ರಿಯವರೆಗೂ ಅವರ ಬದುಕನ್ನೇ ಹೇಳಿದರು. ನನ್ನ ಮಗಳೂ ಪಕ್ಕದಲ್ಲಿ ಕೂತು ಕೇಳಿದಳು.

ಪ್ರವಾಸದಲ್ಲೂ ತಿಂಡಿ ಹಂಚುವುದು, ಒದ್ದೆ ಬಟ್ಟೆ ಒಣಹಾಕುವುದು ನಮ್ಮ ಪಾಲಿಗೇ ಬರುತ್ತೆ. ಆ ಕೆಲಸಗಳನ್ನು ಒಂದೊಂದು ದಿನ ಒಬ್ಬೊಬ್ಬರಿಗೆ ಹಂಚಿಬಿಡಿ. ಮಧ್ಯಾಹ್ನ ಊಟವಾದ ಮೇಲಿನ ಒಂದು ಗಂಟೆ ನಿಮ್ಮದೇ ಎಂದು ಹೊರಡುವ ಮೊದಲೇ ಮನೆಯಲ್ಲಿ ಹೇಳಿಡಿ.