ನೀರು ಕುದಿಯುವ ಮುನ್ನ

ಕಣ್ಣು ಬಿಟ್ಟರೂ ಕತ್ತಲೆ. ಮಳೆನೀರು ಜೋಪಡಿಯೊಳಗೆ ನುಗ್ಗಿ ನಿನ್ನ ಬಿದಿರ ತಟ್ಟಿಯ ಅಡಿಯಲ್ಲೇ ಹರಿಯುತ್ತಿದೆ. ಕಕ್ಕಸಿನ ಗುಂಡಿ ಉಕ್ಕಿದ ನಾತ ಮೂಗಿಗೆ ಬಡಿಯುತ್ತದೆ. 1943ರ ಜೂನ್, ಸಯಾಮಿನ ಕಾಡು.

ಪಕ್ಕದಲ್ಲಿ ತಮ್ಮ. ನಿನ್ನೆ ಸಂಜೆವರೆಗೂ ಬುಟ್ಟಿ ತುಂಬ ಕಲ್ಲು ಹೊತ್ತವನು. ಒಂದೇ ರಾತ್ರಿಗೆ ಕಣ್ಣು ಗುಳಿಬಿದ್ದು ಮುದುಕನಾಗಿದ್ದಾನೆ. ಕೈ ತಣ್ಣಗಿದೆ, ಚರ್ಮ ಚಿವುಟಿದರೆ ಮಡಿಕೆ ಹಾಗೇ ನಿಲ್ಲುತ್ತದೆ. ಕಾಲರಾ. ಆ ಹೆಸರನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ತಣ್ಣೀ, ಅಣ್ಣಾ..."

ನೀರಿಗೇನು, ಹೊಳೆ ತುಂಬಿ ಹರಿಯುತ್ತಿದೆ. ಅದನ್ನು ಹಾಗೇ ಕುಡಿಸಿದರೆ ಸಾವನ್ನೇ ಕುಡಿಸಿದಂತೆ. ಬಿಳಿಯ ಯುದ್ಧಕೈದಿಗಳಿಗೆ ತಮ್ಮವರೇ ಆದ ಡಾಕ್ಟರುಗಳಿದ್ದಾರೆ, ಕುದಿಸದ ನೀರು ಮುಟ್ಟಗೊಡುವುದಿಲ್ಲ. ನಿಮಗೆ ಯಾರಿದ್ದಾರೆ? ಮಲಯದ ರಬ್ಬರ್ ತೋಟದಿಂದ ರೈಲು ಹತ್ತಿಸುವಾಗ ಹೇಳಿದ್ದು ದಿನಕ್ಕೊಂದು ಡಾಲರು, ಮೂರೇ ತಿಂಗಳು. ಬರ್ಮಾದ ಜಪಾನಿ ಸೈನ್ಯಕ್ಕೆ ಸಾಮಾನು ಸಾಗಿಸುವ ಹಳಿ ಮುಗಿಯುವ ತನಕ ಬಿಡುಗಡೆಯಿಲ್ಲ ಎಂದು ಯಾರೂ ಹೇಳಲಿಲ್ಲ. "ಬಾ, ಜೊತೆಗೆ ಹೋಗೋಣ" ಎಂದು ತಮ್ಮನನ್ನು ಹೊರಡಿಸಿದವನು ನೀನೇ.

ಒದ್ದೆ ಬಿದಿರು ಹತ್ತಿಕೊಳ್ಳದು. ಊದುತ್ತೀಯ. ಹೊಗೆಗೆ ಕಣ್ಣು ಉರಿಯುತ್ತದೆ. ತಗಡಿನ ಡಬ್ಬಿಯ ತಳದಿಂದ ಒಂದು ಗುಳ್ಳೆ ಏಳುತ್ತದೆ.

"ಸ್ಪೀಡೋ! ಸ್ಪೀಡೋ!"

ಹೊರಗೆ ಜಪಾನಿ ಕಾವಲಿನವರ ಬೂಟಿನ ಸದ್ದು. ಸಾಲಿಗೆ ನಿಲ್ಲದಿದ್ದರೆ ಏಟು ಖಂಡಿತ. ನಿಂತರೆ ಇವನ ಬಾಯಿಗೆ ನೀರು ಬಿಡುವವರಿಲ್ಲ. ಒಂದು ಕಾಲು ಆಗಲೇ ಬಾಗಿಲ ಕಡೆ ತಿರುಗಿದೆ. ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀಯ. ಇನ್ನೆರಡು ಗುಳ್ಳೆ. ಕುದಿ, ಬೇಗ ಕುದಿ. ಬೂಟು ಹೊಸ್ತಿಲಿಗೆ ಬಂತು. ಬೆನ್ನಿಗೆ ಬಿದಿರು ಬಿತ್ತು. ಡಬ್ಬಿ ಬಿಡುವುದಿಲ್ಲ. ಬೆರಳು ಸುಡುತ್ತಿದೆ, ಬಿಡುವುದಿಲ್ಲ. ಊದಿ ಊದಿ ಅವನ ತುಟಿಗೆ ಮೂರು ಗುಟುಕು. ಅಷ್ಟೇ. ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಾರೆ.

ದಿನವಿಡೀ ಬಂಡೆಗೆ ಸಲಾಕೆ ಹಿಡಿಯುತ್ತೀಯ. ಸುತ್ತಿಗೆಯ ಪ್ರತಿ ಪೆಟ್ಟೂ ಸುಟ್ಟ ಬೆರಳಿಗೆ ಗೊತ್ತಾಗುತ್ತದೆ. ಸಂಜೆ ಮರಳಿದರೆ ತಟ್ಟಿ ಖಾಲಿ. ಡಬ್ಬಿ ಮಗುಚಿ ಬಿದ್ದಿದೆ.

ಇದನ್ನು ಕೂಲಿ ಎನ್ನಬೇಡಿ. ಬಿಟ್ಟುಹೋಗಲಾಗದ ದುಡಿಮೆ ಜೀತವೇ. ಸಯಾಮಿನಿಂದ ಬರ್ಮಾಕ್ಕೆ ಹಾಕಿದ 415 ಕಿಲೋಮೀಟರಿನ ಆ ಹಳಿ 1943ರ ಅಕ್ಟೋಬರ್ 17ರಂದು ಕೂಡಿಕೊಂಡಿತು. ತಮಿಳರು, ಬರ್ಮೀಯರು, ಮಲಯರು, ಜಾವಾದವರು ಸೇರಿ ಸತ್ತ ಏಷ್ಯಾದ ಕೆಲಸಗಾರರು ಸುಮಾರು 90,000 ಎಂಬ ಅಂದಾಜಿದೆ. ಇಂದು ಥಾಯ್ಲೆಂಡ್ ಎನ್ನುವ ಆ ಸಯಾಮಿನ ಕಾಂಚನಬುರಿಯಲ್ಲಿ ಯುದ್ಧಕೈದಿಗಳಿಗೆ ಸಾಲುಸಾಲು ಹೆಸರು ಕೆತ್ತಿದ ಕಲ್ಲುಗಳಿವೆ. ಈ ತಮ್ಮನಂಥವರನ್ನು ಹೂತ ಜಾಗಗಳಲ್ಲಿ ಹೆಸರಿಲ್ಲ.