ಬಿಟ್ಟಿ ಅಕ್ಷರ

ನಮ್ಮ ಭಾಷೆಯಲ್ಲಿ ‘ಬಿಟ್ಟಿ’ ಎಂಬ ಮಾತಿಗೆ ಮರ್ಯಾದೆ ಕಡಮೆ. ಬಿಟ್ಟಿ ಊಟವನ್ನಾಗಲಿ ಬಿಟ್ಟಿ ಪ್ರಯಾಣವನ್ನಾಗಲಿ ನಾವು ಬೇಡವೆನ್ನುವುದಿಲ್ಲ, ಗೌರವಿಸುವುದೂ ಇಲ್ಲ. ಮಾತಿನ ಬೇರನ್ನು ಹಿಡಿದು ಹೊರಟರೆ ಸಂಸ್ಕೃತದ ‘ವಿಷ್ಟಿ’ ಸಿಕ್ಕುತ್ತದೆ: ಕೂಲಿಯಿಲ್ಲದೆ ಮಾಡಿಸಿಕೊಳ್ಳುವ ದುಡಿಮೆ. ಪಡೆಯುವವನಿಗೆ ಬಿಟ್ಟಿಯಾದದ್ದು ಮಾಡುವವನ ಪಾಲಿಗೆ ಬಿಟ್ಟಿ ಚಾಕರಿಯೆಂಬುದನ್ನು ಈ ಒಂದೇ ಮಾತು ಎಷ್ಟು ಚೆನ್ನಾಗಿ ಬಚ್ಚಿಟ್ಟುಕೊಂಡಿದೆ ನೋಡಿ!

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಬೆಂಗಳೂರಿನಲ್ಲಿ ಎಂಜಿನಿಯರು, ಮೂವರು ಗೆಳೆಯರೊಡನೆ ಕೂಡಿ ಕನ್ನಡಕ್ಕೊಂದು ಮುಕ್ತ ಫಾಂಟನ್ನು ಸಿದ್ಧಪಡಿಸುತ್ತಿದ್ದಾನೆ. ಹಗಲು ಸಂಬಳದ ಕೆಲಸ, ರಾತ್ರಿ ಅಕ್ಷರದ ಕೆಲಸ. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಫಾಂಟನ್ನಷ್ಟೇ ಬಿಡಿಯಾಗಿ ಮಾರಕೂಡದೆಂಬುದು ಪರವಾನಗಿಯ ನಿಬಂಧನೆ. ಇಷ್ಟು ಧಾರಾಳವಾಗಿ ಕೊಟ್ಟರೂ ಕೊಳ್ಳುವವರಿಲ್ಲ. ಇನ್ನಾರು ತಿಂಗಳು ನೋಡಿ ಕೈಬಿಡುವುದೆಂದು ಗೆಳೆಯರು ಮಾತಾಡಿಕೊಂಡಿದ್ದರು. “ಸಾರ್, ಇನ್‌ಸ್ಟಾಗ್ರಾಮಿನಲ್ಲಿ ಹಾಕಿ ನೋಡುತ್ತೇವೆ. ನೀವು ಪದಗಳನ್ನು ಕೊಡಿ, ನಾವು ಚಿತ್ರ ಮಾಡುತ್ತೇವೆ” ಎಂದು ಅವನು ಕೇಳಿದ.

ತಂತ್ರಾಂಶಕ್ಕೆ ಚಿತ್ರದ ಹಂಗು ಹೊಸತೇನಲ್ಲ. ಲಿನಕ್ಸಿನ ಹೆಸರು ಕೇಳದವರೂ ಅದರ ಪೆಂಗ್ವಿನ್ ಹಕ್ಕಿಯನ್ನು ಕಂಡಿರುತ್ತಾರೆ. 1996ರಲ್ಲಿ ಲ್ಯಾರಿ ಯೂಯಿಂಗ್ ಅದನ್ನು ಬರೆದದ್ದು ಗಿಂಪ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದಲ್ಲಿ. 2002ರಲ್ಲಿ ಜನರಿಂದ ಒಂದು ಲಕ್ಷ ಯೂರೋ ಕೂಡಿಸಿ ಬಿಡುಗಡೆ ಪಡೆದ ಬ್ಲೆಂಡರ್, 2006ರಿಂದ ತಾನೇ ಕಿರುಚಿತ್ರಗಳನ್ನು ತಯಾರಿಸಿ ತನ್ನ ಕಸುವನ್ನು ತೋರಿಸಿತು. ಅದರಲ್ಲೇ ರೂಪುಗೊಂಡ ‘ಫ್ಲೋ’ ಎಂಬ ಲಾಟ್ವಿಯದ ಚಿತ್ರ 2025ರಲ್ಲಿ ಆಸ್ಕರ್ ಗೆದ್ದಿತು. ಇನ್ನು ಫಾಂಟಿಗೋ, ರೂಪವೇ ಬಂಡವಾಳ.

ನಾನು ಮೇಷ್ಟರ ಬುದ್ಧಿಯನ್ನು ಬಿಡಲಿಲ್ಲ. ‘ಜ್ಯೋತ್ಸ್ನೆ’, ‘ಸ್ವಾತಂತ್ರ್ಯ’, ‘ರಾಷ್ಟ್ರ’ ಎಂದು ಒತ್ತಿನ ಮೇಲೆ ಒತ್ತಿರುವ ಪದಗಳನ್ನೇ ಆರಿಸಿದೆ. 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡಕ್ಕೆ 128 ಮನೆಗಳ ಕೇರಿ ದೊರಕಿತಾದರೂ ಒತ್ತಕ್ಷರಗಳಿಗೆ ಅಲ್ಲಿ ಬೇರೆ ಮನೆಯಿಲ್ಲ. ಅವುಗಳಿಗೆ ಉಡಿಸಿ ತೊಡಿಸುವ ಹೊಣೆ ಫಾಂಟಿನದು. ಚಿತ್ರಗಳು ಹೊರಬಿದ್ದವು; ಕೆಂಪು ಹೃದಯಗಳು ಸುರಿದವು. ಆದರೆ ಇನ್‌ಸ್ಟಾಗ್ರಾಮಿನಲ್ಲಿ ಚಿತ್ರದ ಕೆಳಗೆ ಬರೆದ ಕೊಂಡಿಯನ್ನು ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ಮುಖಪುಟಕ್ಕೆ ಹೋಗಿ ಅಲ್ಲಿಂದ ದಾರಿ ಹಿಡಿಯಬೇಕು. ಮೆಚ್ಚಿದವರು ಜಗುಲಿಯಿಂದಲೇ ಕೈಮುಗಿದು ಹೊರಟರು. ಆ ಜಗುಲಿಯಾದರೂ ನಮ್ಮದಲ್ಲ, ದೊಡ್ಡ ಕಂಪೆನಿಯದು.

ನನ್ನ ತರಗತಿಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳಿದ್ದಾಳೆ. ಕಂಪ್ಯೂಟರಿನಲ್ಲಿ ಅವಳು ಓದುವುದು ಎನ್‌ವಿಡಿಎ ಎಂಬ ಓದುಗ ತಂತ್ರಾಂಶದ ನೆರವಿನಿಂದ. 2006ರಲ್ಲಿ ಆಸ್ಟ್ರೇಲಿಯದ ಅಂಧ ತರುಣನೊಬ್ಬ ಆರಂಭಿಸಿದ ಅದೂ ಬಿಟ್ಟಿಯದೇ, ಮುಕ್ತವಾದದ್ದೇ. ಅವಳು ಕೇಳಿದಳು: “ಸಾರ್, ಎಲ್ಲರೂ ಚೆನ್ನಾಗಿದೆ ಅಂತಾರೆ. ನನಗೆ ಬರೀ ‘ಇಮೇಜ್’ ಅಂತ ಕೇಳಿಸುತ್ತೆ. ಅದರಲ್ಲಿ ಏನಿದೆ?”

ಅಕ್ಷರ ಚಿತ್ರವಾದೊಡನೆ ಅವಳ ಪಾಲಿಗೆ ಅಕ್ಷರವಾಗಿ ಉಳಿಯುವುದಿಲ್ಲ. ಚಿತ್ರಕ್ಕೆ ಓದುವ ವಿವರಣೆಯನ್ನು ಸೇರಿಸಲು ಇನ್‌ಸ್ಟಾಗ್ರಾಮು 2018ರಲ್ಲೇ ಅವಕಾಶ ಮಾಡಿದೆ. ಆ ಕೆಲಸವನ್ನು ನಾನು ವಹಿಸಿಕೊಂಡೆ. ಕಾಣದವರಿಗೆ ಹೇಳುವಾಗ ‘ಸುಂದರ’, ‘ಮನೋಹರ’ ಎಂಬ ಮಾತುಗಳು ಕೆಲಸಕ್ಕೆ ಬಾರವು; ಯಾವ ಗೆರೆ ಎಲ್ಲಿ ಬಾಗುತ್ತದೆ, ಯಾವ ಒತ್ತು ಯಾವುದರ ಕೆಳಗೆ ಕೂರುತ್ತದೆ ಎಂದೇ ಹೇಳಬೇಕು. ‘ಸೂರ್ಯಕಾಂತಿ’ಯನ್ನು ಹೀಗೆ ವರ್ಣಿಸುತ್ತಿರುವಾಗ ಅರ್ಕಾವತ್ತು ಮುಂದಿನ ‘ಕಾ’ಕ್ಕೆ ತಗಲುತ್ತಿರುವುದು ಗೋಚರಿಸಿತು. ಹುಡುಗರು ಅದನ್ನು ಮುಚ್ಚಿಡದೆ ಅದೇ ಚಿತ್ರವನ್ನು ದೊಡ್ಡದು ಮಾಡಿ, “ಇಲ್ಲಿ ಇಕ್ಕಟ್ಟಾಗಿದೆ, ಹೇಗೆ ಸರಿಪಡಿಸುವುದು?” ಎಂದು ಕೇಳಿ ಹಾಕಿದರು.

ಹೃದಯಗಳು ಕಡಮೆಯಾದವು, ಮಾತು ಹೆಚ್ಚಾಯಿತು. ಹೊಗಳುವುದಕ್ಕೆ ಒಂದು ಬೆರಳು ಸಾಕು. ತಪ್ಪು ಹೇಳುವುದಕ್ಕೆ ಕುಳಿತು ನೋಡಬೇಕು. ಮೊದಲು ನೋಡಿದವರು ಒಂದು ಕಾಲಕ್ಕೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯರು. ಮೊಮ್ಮಗಳ ಫೋನಿನಿಂದ ಬರೆದಿದ್ದರು. ಅರ್ಕಾವತ್ತಿಗೆ ಎಷ್ಟು ಜಾಗ ಬಿಡಬೇಕೆಂದು ಕಾಗದದ ಮೇಲೆ ಗೆರೆ ಹಾಕಿ, ಅದರ ಚಿತ್ರವನ್ನು ಕಳುಹಿಸಿದ್ದರು. ಹುಡುಗರು ಅದರಂತೆ ತಿದ್ದಿದರು; ತಿದ್ದಿದವರ ಪಟ್ಟಿಯಲ್ಲಿ ಅವರ ಹೆಸರನ್ನೂ ಸೇರಿಸಿದರು. ಆರು ತಿಂಗಳ ಗಡುವಿನ ಮಾತನ್ನು ಯಾರೂ ಮತ್ತೆ ಎತ್ತಿಲ್ಲ.

ಬಿಟ್ಟಿ ಕೊಟ್ಟದ್ದನ್ನು ಗೌರವಿಸುವ ಬಗೆ ಇದೊಂದೇ ಎಂದು ನನಗೆ ತೋರುತ್ತದೆ: ಕೊಟ್ಟವರ ದುಡಿಮೆಯಲ್ಲಿ ಒಂದು ತುತ್ತನ್ನು ನಾವೂ ಹೊರುವುದು. ಆ ಹಿರಿಯರು ಕೂಲಿ ಕೇಳಲಿಲ್ಲ. ಬರೆದದ್ದು ಇಷ್ಟೆ: “ಈಗ ಸರಿಯಾಗಿದೆ. ‘ದೀರ್ಘ’ ಹೇಗೆ ಬಂದಿದೆ, ತೋರಿಸಿ.”